ಮಗ್ಗುಲು

ರಾತ್ರಿ ಪಾಳಿಯಲ್ಲಿ ನನಗೆ ತಿರುಗಿಸುವ ಕೆಲಸ ಎರಡು.
ಎರಡು ಗಂಟೆಗೊಮ್ಮೆ ವಿನಿಫ್ರೆಡ್ ಅಕ್ರಾಯ್ಡ್ ಅವರನ್ನು,
ಎಡದಿಂದ ಬಲಕ್ಕೆ, ಬೆನ್ನು ಹುಣ್ಣಾಗದ ಹಾಗೆ.
ಅವರಿಗೆ ಎಚ್ಚರವಿದ್ದರೆ
ಇಪ್ಪತ್ತಮೂರು ನಿಮಿಷಕ್ಕೊಮ್ಮೆ ಅವರ ತಟ್ಟೆಯನ್ನು.
ಅದಕ್ಕೆ ಅಂಚು ಹಿಡಿಯಬೇಕು,
ನಡುವೆ ಬೆರಳು ತಾಗಬಾರದು.

ಹೊರಗೆ ಮೋರ್ಕಂ. ಸಮುದ್ರ ಮೈಲಿಗಟ್ಟಲೆ ಹಿಂದೆ ಸರಿದು
ಕೆಸರನ್ನು ಬೆಳದಿಂಗಳಿಗೆ ಹರವಿದೆ,
ಒಗೆದು ಹಿಂಡದೆ ಬಿಟ್ಟ ಕಂಬಳಿಯ ಹಾಗೆ.
ಕಿಟಕಿಯ ಸಂದಿಯಲ್ಲಿ ಉಪ್ಪುಗಾಳಿ.
ಸೂಜಿ ಇಳಿದರೆ ಒಳಗೂ ಉಪ್ಪೇ:
‘ಸಾಲ್ಟ್ ಸ್ಟ್ರೀಟ್’, ಲಂಡನ್ನಿನ ಮೊದಲ ಮೇಳ,
ಸಾವಿರದ ಒಂಬೈನೂರ ಐವತ್ತೆಂಟು.

ರಟ್ಟಿನ ಹೊದಿಕೆ ಮೂಲೆಯಲ್ಲಿ ಸವೆದು ಹತ್ತಿಯಾಗಿದೆ.
ಮೀನುಬುಟ್ಟಿ ಹೊತ್ತ ಹೆಂಗಸರು, ನಡುವೆ ನಾಯಕಿ,
ಹಸಿರು ರವಿಕೆ, ಅರವತ್ತು ವರ್ಷದಿಂದ ತೆರೆದೇ ಇರುವ ಬಾಯಿ.
ಹಿಂಬದಿಯಲ್ಲಿ ಇರುವೆ ಸಾಲಿನಂತೆ ಹೆಸರುಗಳು:
ಹಾಡಿದವರು, ಕುಣಿದವರು, ಹಿಮ್ಮೇಳ, ಕಹಳೆ, ಪಿಟೀಲು,
ಫೋಟೋ ತೆಗೆದಾತ ಕೂಡ.
ಅಕ್ರಾಯ್ಡ್ ಇಲ್ಲ. ಭೂತಗನ್ನಡಿ ಹಿಡಿದೂ ನೋಡಿದೆ.

ಹಗಲು ಪಾಳಿಯ ಗ್ಲೆನಿಸ್ ಬಾಗಿಲಿಗೆ ಚೀಟಿ ಅಂಟಿಸಿದ್ದಾಳೆ,
ಚಿನ್ನದ ನಕ್ಷತ್ರ ಸಮೇತ: ‘ನಮ್ಮ ನಟಿ’.
ವಿನಿಫ್ರೆಡ್‌ಗೆ ಅದನ್ನು ಕಂಡರೆ ಮೈಯೆಲ್ಲ ಉರಿ.
“ನಟಿಯಂತೆ ನಟಿ! ನಾನು ಡ್ರೆಸ್ಸರು.
ಮುನ್ನೂರ ಹನ್ನೆರಡು ಆಟ, ಮುನ್ನೂರ ಹನ್ನೆರಡು ಸಲ
ಅವಳ ಬೆನ್ನಿಗೆ ಮೊಣಕಾಲು ಕೊಟ್ಟು ದಾರ ಎಳೆದವಳು.”

ಅವಳು ಅಂದರೆ ಆ ಹಸಿರು ರವಿಕೆ. ಅದರೊಳಗೆ ಕಾರ್ಸೆಟ್ಟು,
ಉಕ್ಕಿನ ಕಡ್ಡಿ, ಹದಿನೆಂಟು ಜೊತೆ ತೂತು.
ಬಿಗಿದರೆ ಸೊಂಟ ಒಂದು ಹಿಡಿ,
ಉಸಿರು ಒಂದು ಚಿಟಿಕೆ.
ಎರಡನೇ ಅಂಕದ ಕೊನೆಗೆ, ದೋಣಿ ಹೊರಟುಹೋದ ಮೇಲೆ
ದಡದಲ್ಲಿ ಒಬ್ಬಳೇ ನಿಂತು ಎಳೆಯುವ ಆ ಒಂದು ಸ್ವರ
ಏಳು ಎಣಿಕೆ. ಅದರಾಚೆ ಹೋಗದು.
ಪರದೆಯ ಮರೆಯಲ್ಲಿ ಶಾಲು ಹಿಡಿದು
ದಿನಾ ಎಣಿಸುತ್ತಿದ್ದರಂತೆ ವಿನಿಫ್ರೆಡ್.

ತಟ್ಟೆಗೆ ಹಾಡಿದ್ದು ಆಟವಿಲ್ಲದ ಒಂದು ಭಾನುವಾರ.
ಯಾವುದೋ ಹಳೇ ನೃತ್ಯಶಾಲೆ, ಸಿಗರೇಟಿನ ಹೊಗೆ,
ಮೊಣಕೈ ಹರಿದ ಸ್ವೆಟರುಗಳು.
ಮೈಕಿಗೆ ಕಣ್ಣಿಲ್ಲವಲ್ಲ,
ವೇಷ ಯಾರಿಗೆ ಬೇಕು?
ಡ್ರೆಸ್ಸರನ್ನು ಕರೆದವರಿಲ್ಲ.
ಅವತ್ತು ವಿನಿಫ್ರೆಡ್ ಬಾಡಿಗೆ ಕೋಣೆಯಲ್ಲಿ ತಲೆ ತೊಳೆದು
ಒಂದು ಮೊಟ್ಟೆ ಬೇಯಿಸಿಕೊಂಡರು.

“ಈಗ ಕೇಳು” ಅನ್ನುತ್ತಾರೆ ಎರಡನೇ ಮಗ್ಗುಲಿನ ಕೊನೆಗೆ,
ನನ್ನ ಮಣಿಕಟ್ಟು ಹಿಡಿದು,
ಇಲ್ಲಿ ನಾಡಿ ನೋಡುವವರು ಅವರೇ ಎಂಬಂತೆ.
ಬೆರಳು ತಟ್ಟುತ್ತದೆ. ಐದು. ಆರು. ಏಳು.
ಸ್ವರ ನಿಲ್ಲುವುದಿಲ್ಲ.
ಎಂಟು, ಒಂಬತ್ತು, ಗೀರು ಬಿದ್ದ ಕಡೆ ಒಂದು ಎಡವು, ಹತ್ತು,
ಹನ್ನೊಂದು.
“ಊರೆಲ್ಲ ಹೊಗಳಿತು, ಎಂಥಾ ಗಂಟಲು ಅಂತ.
ನಾಟಕ ನೋಡಿದವರು ಒಬ್ಬರೂ ಕೇಳದ ನಾಲ್ಕು ಎಣಿಕೆ ಅದು.
ನಾನು ಬಿಗಿಯದೇ ಬಿಟ್ಟದ್ದು.
ಅದು ನನ್ನದು.”

ಆಮೇಲೆ ಸೂಜಿ ಕೊನೆಯ ಗೆರೆಯಲ್ಲೇ ಸುತ್ತುತ್ತದೆ,
ಟಕ್, ಟಕ್,
ಹೊಲಿಗೆಯಂತ್ರದ ಪೆಡಲಿನಿಂದ ಕಾಲು ತೆಗೆದ ಹಾಗೆ.
ಅವರ ಕೊರಳ ಬಳಿ ನೈಟಿಯ ದಾರ ಗಂಟಾಗಿತ್ತು,
ಹಗಲಿನವರು ಯಾರೋ ಅವಸರದಲ್ಲಿ ಕಟ್ಟಿದ್ದು.
ಉಗುರು ಹಾಕಿ ಬಿಡಿಸಿದೆ.
ನನ್ನ ಸಮವಸ್ತ್ರದ ಬೆಲ್ಟನ್ನೂ ಒಂದು ತೂತು ಸಡಿಲಿಸಿದೆ.
ಅವರ ಎದೆ ಏರಿತು. ಎಷ್ಟಕ್ಕೆ ಇಳಿಯಿತೋ,
ಎಣಿಸಹೊರಟು ನಡುವೆ ಮರೆತೆ:
ಕೊಲ್ಲಿಗೆ ನೀರು ಮರಳುವ ಸದ್ದು ಶುರುವಾಗಿತ್ತು.

ಬೆಳಗಿನ ಚಾರ್ಟಿನಲ್ಲಿ ಬರೆದೆ:
ಎರಡು ಗಂಟೆ. ಮಗ್ಗುಲು ಬದಲಿಸಲಾಯಿತು.
ಯಾವುದರದೆಂದು ಬರೆಯಲು ಕಾಲಂ ಇರಲಿಲ್ಲ.