ಮೊಣಕೈವರೆಗೆ

ಒಸಿಯಾಂಗೆ ನಾನು ಹೋದದ್ದು ಮರಳು ನೋಡಲು.
ಬಸ್ಸಿಳಿದಾಗ ಶ್ರಾವಣದ ಮಧ್ಯಾಹ್ನ,
ಆಕಾಶ ಗಬ್ಬದ ಎಮ್ಮೆಯ ಹೊಟ್ಟೆಯ ಹಾಗೆ
ನೆಲಕ್ಕೆ ತಾಗುವಷ್ಟು ಕೆಳಗೆ.
ಒಂಟೆಯ ಪೆಂಪಾರಾಮ್ ಬೀಡಿ ಕೂಡ ಕೆಳಗಿಡಲಿಲ್ಲ:
"ಇವತ್ತು ದಿಬ್ಬಕ್ಕೆ ಬರೋದಿಲ್ಲ ಇದು.
ಕೆಸರಲ್ಲಿ ಒಂಟೆ ಅಂದರೆ
ಎಣ್ಣೆ ಚೆಲ್ಲಿದ ನೆಲದ ಮೇಲೆ ಅಜ್ಜ."

ಸರಿ, ಗುಡಿಗಾದರೂ ಎಂದು ಮೆಟ್ಟಿಲೇರಿದೆ.
ಒಂದರ ಹಿಂದೊಂದು ಕಲ್ಲುತೋರಣ,
ಅಷ್ಟು ಬಾಗಿಲು, ಯಾವುದಕ್ಕೂ ಕದವಿಲ್ಲ.
ಒಳಗೆ ಜೇಠಮಲ್ಲರು ಆರತಿ ಎತ್ತಿದ್ದರು.
ಬೆಳಕು ದೇವಿಯ ಮೂಗುತಿಯವರೆಗೆ ಬಂದಿತ್ತು, ಅಷ್ಟರಲ್ಲಿ
ಚಾವಣಿಯ ಮೇಲೆ
ಟಪ್.
ಗಂಟೆ ಹೊಡೆಯುತ್ತಿದ್ದ ಹುಡುಗ ಹಗ್ಗ ಬಿಟ್ಟ.
ಟಪ್ ಟಪ್.
ಜೇಠಮಲ್ಲರು ತಟ್ಟೆಯನ್ನು ನನ್ನ ಕೈಗೆ,
ಹೆಸರು ಕೇಳದೆ, ಊರು ಕೇಳದೆ, ಏನೂ ಕೇಳದೆ
ನನ್ನ ಕೈಗೆ ಕೊಟ್ಟು
ಧೋತಿ ಎತ್ತಿ ಕಟ್ಟಿ ಓಡಿದರು.

ನಾನೂ ದೇವಿಯೂ ಮುಖಾಮುಖಿ.
ಬೆಳಗಬೇಕೋ ಸುಮ್ಮನೆ ಹಿಡಿದಿರಬೇಕೋ.
ಅವಳೂ ಏನೂ ಹೇಳಲಿಲ್ಲ.

ಮೇಲೆ ಗದ್ದಲ. ತಟ್ಟೆ ಹಿಡಿದೇ ಹತ್ತಿದೆ.
ಟಾಂಕಾಕ್ಕೆ ಇಳಿಯುವ ತೂಬಿನ ಬಾಯಿಗೆ
ಹಳೇ ಬಟ್ಟೆ ತುರುಕುತ್ತಿದ್ದರು ಪೂಜಾರಿ:
"ಮೊದಲ ನೀರು ಕಲ್ಲಿಗೆ! ಪಾರಿವಾಳಗಳ ಪಾಪ ತೊಳೀಲಿ!
ಆಮೇಲೆ ಬಿಡೋಣ, ಗುಡಿಸಿ, ಗುಡಿಸಿ!"
ಸೊಸೆ ಸುಗನಿ ಪೊರಕೆ ಹಿಡಿದು ಹತ್ತು ತಿಂಗಳ ಮರಳು ತಳ್ಳುತ್ತಿದ್ದಳು.
ಮುಸುಕು ನೆನೆದು ಮುಖಕ್ಕಂಟಿ
ಮುಸುಕೇ ಇಲ್ಲದಂತಾಗಿತ್ತು.
ಮಾವ ತಲೆಯೆತ್ತಿ ಮೋಡವನ್ನೇ ನೋಡುತ್ತ ನಿಂತರು,
ಬಹಳ ಹೊತ್ತು, ಬೇಕಾದ್ದಕ್ಕಿಂತ ಹೆಚ್ಚು.
ಅವಳು ನಗುತ್ತಿದ್ದಳು. ನಾನು ನೋಡಿದೆ.

ದೀಪ ಆರಿದ್ದು ಯಾವಾಗಲೋ.
ತಪ್ಪಾಯಿತು ಎಂದು ತಟ್ಟೆ ಚಾಚಿದೆ.
ಬತ್ತಿಯನ್ನೊಮ್ಮೆ ನೋಡಿ ಜೇಠಮಲ್ಲರು ಅಂದರು:
"ಹೋಗಲಿ ಬಿಡಿ, ತುಪ್ಪ ಉಳೀತು."

ನಲವತ್ತು ನಿಮಿಷ. ಆಮೇಲೆ, ಯಾರೋ ಕರೆದಂತೆ, ನಿಂತಿತು.
ಗಂಟೆಯ ಹುಡುಗ ಓಗಡ ಬೆಂಕಿಪೊಟ್ಟಣ ತೆರೆದ:
ನೆಲದಿಂದೆದ್ದ ಕೆಂಪು ಮಖಮಲ್ಲು ಹುಳ, ಆರೇಳು.
"ನೋಡೋಕೆ ಎರಡು ರೂಪಾಯಿ. ಮುಟ್ಟೋಕೆ ಐದು."
ಏಳು ಕೊಟ್ಟೆ.

ಊರಂಚಿನ ದಿಬ್ಬದ ಬುಡದಲ್ಲಿ ಜನ ಸೇರಿದ್ದರು.
ಎಷ್ಟು ಸುರಿಯಿತು ಎಂದು ಅಲ್ಲಿ ಯಾರೂ ಕೇಳುವುದಿಲ್ಲ.
ಎಷ್ಟು ಇಳಿಯಿತು?
ಅದನ್ನು ಹೇಳುವವಳು ಮುದುಕಿ ಝಮಕೂ.
ಕುಕ್ಕರಗಾಲಲ್ಲಿ ಕೂತು ಬಲಗೈಯನ್ನು
ಹಸುವಿನ ಗರ್ಭಕ್ಕೆ ಕೈ ಹಾಕುವ ಸೂಲಗಿತ್ತಿಯಂತೆ
ಮೆಲ್ಲಗೆ ಮರಳಿಗಿಳಿಸಿದಳು.
ಬೆರಳು. ಅಂಗೈ. ಮಣಿಕಟ್ಟು.
ಅಲ್ಲಿಂದಾಚೆಗೂ.
"ಇವರೆಲ್ಲರ ಕೈ ತುಂಬ ಬಳೆ,
ಮಣಿಕಟ್ಟಿಗೇ ಸಿಕ್ಕಿಕೊಳ್ಳುತ್ತೆ," ಅಂದಳು, ನನಗೇ.
"ಅವನು ಹೋದಾಗಿನಿಂದ ಮಳೆ ಅಳೆಯೋದು ನನ್ನ ಕೆಲಸ."
ನನ್ನ ತೋಳು ನೋಡಿದಳು. "ನಿನ್ನದೂ ಬರಿಗೈ. ಹಾಕು."
ಹಾಗಲ್ಲ, ನಾನು ಬಳೆ ತೊಡುವುದಿಲ್ಲ ಅಷ್ಟೆ,
ಎನ್ನಬೇಕೆನಿಸಿತು. ಅನ್ನಲಿಲ್ಲ.
ಗಡಿಯಾರ ಬಿಚ್ಚಿದೆ.

ತಂಪು. ತಂಪು. ಇನ್ನೂ ತಂಪು.
ತೋಳು ಮಡಿಚುವಲ್ಲಿಗೆ ಮರಳು ಬಂದಾಗ
ಬೆರಳ ತುದಿಗೆ ತಾಗಿತು, ಅಲುಗದೆ ಮಲಗಿದ್ದ
ವೈಶಾಖದ ಬಿಸಿ.
"ಮೊಣಕೈ!" ಎಂದು ಕೂಗಿದಳು ಝಮಕೂ.
ಆ ಮಾತು ನನಗಿಂತ ಮೊದಲು ಪೇಟೆ ಮುಟ್ಟಿತ್ತು.
ಅಂಗಡಿಗಳಲ್ಲಿ ಸಜ್ಜೆಯ ಮೂಟೆ ಬಿಚ್ಚುತ್ತಿದ್ದರು.
ಪೆಂಪಾರಾಮ್ ಒಂಟೆಯ ಬೆನ್ನಿನಿಂದ ಕನ್ನಡಿಯ ಜೂಲು ಕಳಚಿ
ಮಡಿಸಿಡುತ್ತಿದ್ದ.
"ನಾಳೆ ದಿಬ್ಬಕ್ಕೆ?" ಅಂದೆ.
"ನಾಳೆ ನೇಗಿಲಿಗೆ," ಅಂದ, ತಲೆಯೆತ್ತದೆ.

ಸಂಜೆಯ ಬಸ್ಸು ಫಲೋದಿಯಿಂದ ಬಂದದ್ದು.
ಪಕ್ಕದಲ್ಲಿ ಅಲ್ಲಿಯವನೇ ಒಬ್ಬ, ಪೇಟದಲ್ಲಿ ಧೂಳು.
ನಾನು ಕೈ ತೊಳೆದಿರಲಿಲ್ಲ.
ತೋಳ ಮೇಲೆ ಮರಳು ಒಣಗುತ್ತ
ಎಲ್ಲಿಯವರೆಗೆ ಎಂದು ಗೆರೆ ಎಳೆದಿತ್ತು.
ಅವನು ಅದನ್ನು ಓದಿದ, ಪತ್ರ ಓದುವಷ್ಟು ಹೊತ್ತು.

"ನಮ್ಮಲ್ಲಿ ಎರಡು ಬೆರಳು," ಎಂದು
ಎರಡು ಬೆರಳೆತ್ತಿ ತೋರಿಸಿ,
ಕಿಟಕಿಯ ಕಡೆ ತಿರುಗಿದ.