ಹೇಗೆ ಪರಿಚಯವಾಯಿತು, ವಿವರಿಸಿ

ನಾಲ್ಕು ಗೆರೆ ಜಾಗ ಬಿಟ್ಟಿದ್ದಾರೆ.
ಲೈಲ್ ಪೆನ್ಸಿಲಿನಲ್ಲಿ ಬರೆಯುತ್ತಾನೆ, ಅಳಿಸುತ್ತಾನೆ,
ರಬ್ಬರಿನ ಹೊಟ್ಟು ಊದುತ್ತಾನೆ
ನೇರ ನನ್ನ ಚಹಾದ ಲೋಟಕ್ಕೆ.

ಬರಿ, ಎನ್ನುತ್ತೇನೆ.
ತ್ಬಿಲಿಸಿಯ ಮೆಟ್ರೋ. ಎಸ್ಕಲೇಟರಿನ ಬುಡದಲ್ಲಿ
ಒಂದು ಗಾಜಿನ ಗೂಡು. ಅದರೊಳಗೆ ಕೂತು
ಇಳಿದು ಬರುವ ಕಾಲುಗಳನ್ನು ಕಾಯುವುದು ನನ್ನ ಕೆಲಸ.
ಮೊದಲು ಕಂಡದ್ದು ನಿನ್ನ ಬೂಟು,
ಎಡಗಾಲಿನದು, ಲಾಡಿ ಬಿಚ್ಚಿಕೊಂಡದ್ದು.
ಆಮೇಲೆ ಮಂಡಿ. ಆಮೇಲೆ ಒಂದು ಚೀಲ.
ಮುಖ ಬರಲು ಬಹಳ ಹೊತ್ತು ಹಿಡಿಯಿತು.
ಮೈಕಿನಲ್ಲಿ ಗದರಿದೆ: ಲಾಡಿ ಕಟ್ಟಿಕೊಳ್ಳಯ್ಯಾ, ಸಾಯ್ತೀಯ!
ನಮ್ಮ ಮಾತು ಬಾರದ ನೀನು
ಸ್ವಾಗತ ಕೋರಿದಳೆಂದು ಟೋಪಿ ತೆಗೆದೆ.

ತಾರೀಖು? ಎನ್ನುತ್ತಾನೆ.
ಯಾರಿಗೆ ನೆನಪು. ಮಾರ್ಚ್ ಇರಬೇಕು,
ಎಲ್ಲರ ಕಾಲಲ್ಲೂ ಕೆಸರಿತ್ತು.

ಮದುವೆ ನಿಜವೆನ್ನಲು ಪುರಾವೆ ಬೇಕಂತೆ:
ಒಬ್ಬರಿಗೊಬ್ಬರು ಬರೆದ ಪತ್ರ,
ವಿಮಾನದ ಟಿಕೆಟ್ಟು, ದೂರದ ಕರೆಗಳ ಪಟ್ಟಿ.
ಒಂಬತ್ತು ವರ್ಷ ಒಂದೇ ಕೋಣೆಯಲ್ಲಿ ಕೆಮ್ಮಿಕೊಂಡಿದ್ದವರು
ಯಾವ ವಿಳಾಸಕ್ಕೆ ಪತ್ರ ಹಾಕಬೇಕಿತ್ತು?
ಫ್ರಿಜ್ಜಿಗೆ ಅಂಟಿಸಿದ ಚೀಟಿಯೊಂದಿದೆ.
'ಮೊಸರು ತಾ. ಗ್ಯಾಸಿನವನು ಬಂದಿದ್ದ.'
ಕೆಳಗೆ ಅವನ ಸೊಟ್ಟ ಜಾರ್ಜಿಯನ್ ಅಕ್ಷರ:
'ತಂದಿದ್ದೇನೆ. ಮತ್ತೆ ಬಂದಿದ್ದ.'
ದುಡ್ಡು ಕೊಟ್ಟು ಅದನ್ನೂ ಇಂಗ್ಲಿಷಿಗೆ ಮಾಡಿಸಿದೆವು.
ಅಂಗೈ ಹುಣ್ಣಿಗೆ ಕನ್ನಡಿ ಹಿಡಿಯಿರಿ ಎನ್ನುತ್ತಾರೆ,
ಕನ್ನಡಿಗೆ ನೋಟರಿಯ ಮುದ್ರೆಯೂ ಇರಬೇಕಂತೆ.

ಅವನೂ ಸಾಬೀತು ಮಾಡಬೇಕು
ಅವನ ಊರು ಅವನದೇ ಎಂದು.
ಡುಲೂತಿನಲ್ಲಿ ಅವನಿಗೆ ಉಳಿದಿರುವುದು
ಗ್ರಂಥಾಲಯದ ಒಂದು ಕಾರ್ಡು,
ಅಕ್ಕ ಮಾರ್ಲಿಸಳ ಗ್ಯಾರೇಜಿನಲ್ಲಿ ತಳ ಬಿರಿದ ದೋಣಿ.
ದೋಣಿಯ ಫೋಟೋ ಕೇಳಿದ.
ಬಂದದ್ದು ದೋಣಿಯೊಳಗೆ ಮರಿ ಹಾಕಿದ ಬೆಕ್ಕಿನದು.
ನಾನು ಸರ್ಕಾರಕ್ಕೆ ಭಾರವಾದರೆ
ಆ ಭಾರ ಹೊರುತ್ತೇನೆಂದು ಸಹಿ ಹಾಕಿದವಳೂ ಅವಳೇ,
ನನ್ನನ್ನು ಒಮ್ಮೆಯೂ ನೋಡದೆ.
ಎಷ್ಟು ಕಿಲೋ ಇದ್ದಾಳೆ, ಎಂದು ಮಾತ್ರ ಕೇಳಿದಳಂತೆ.

ನನ್ನ ಜನನಪತ್ರದಲ್ಲಿ ಕುಡುಗೋಲು, ಸುತ್ತಿಗೆ.
ಹುಟ್ಟಿದೆನೆಂದು ಬರೆದುಕೊಟ್ಟ ದೇಶವೇ ಸತ್ತುಹೋಗಿದೆ;
ಪುಣ್ಯಕ್ಕೆ ಅದರ ಮರಣಪತ್ರ ಕೇಳಲಿಲ್ಲ.
ಜುರಾಬನದು ಕೇಳಿದರು.

ಹದಿನೆಂಟು ವರ್ಷ ಗುಂಡಿಗಳ ಡಬ್ಬಿಯ ತಳದಲ್ಲಿತ್ತು.
ತೆಗೆದು ಮೇಜಿನ ಮೇಲಿಟ್ಟು
ಬಟ್ಟೆ ಒಣಹಾಕಲು ಬಾಲ್ಕನಿಗೆ ಹೋದೆ.
ಒಣಹಾಕುವಂಥದ್ದು ಏನೂ ಇರಲಿಲ್ಲ.
ಲೈಲ್ ಒಂದೂ ಮಾತಾಡದೆ ಅದನ್ನು ಕೋಟಿನೊಳಗೆ,
ಅಂಗಿಗೂ ಒಳಗೆ ಇಟ್ಟುಕೊಂಡು
ಹಿಮದಲ್ಲಿ ಜೆರಾಕ್ಸ್ ಅಂಗಡಿಗೆ ಇಳಿದು ಹೋದ.
ಮೇಲಿನಿಂದ ನೋಡಿದೆ:
ಮೊದಲು ಟೋಪಿ, ಆಮೇಲೆ ಬೆನ್ನು.
ಬಂದವನು ಕಾಗದವನ್ನು
ಅದರ ಹಳೆಯ ಮಡಿಕೆಯಲ್ಲೇ ಮಡಿಸಿದ,
ಹೊಸದೊಂದು ಗೆರೆಯೂ ಬೀಳದ ಹಾಗೆ.
ಡಬ್ಬಿಗೆ ಹಾಕಿ, ಮೇಲೆ ಗುಂಡಿಗಳನ್ನು ಸುರಿದ.
ಸಾರಿಗೆ ಉಪ್ಪು ಹಾಕಿದೆಯಾ, ಎಂದ.

ಹಾಕಿದ್ದೆ. ಎರಡು ಸಲ.

ಈಗ ಶಾಯಿಯಲ್ಲಿ ಬರೆಯುತ್ತಿದ್ದಾನೆ.
ವೈನ್ ಬಾಟಲಿಗಳ ಬೆನ್ನಿನ ಇಂಗ್ಲಿಷ್ ತಿದ್ದಿ ಬದುಕುವವನು,
ಒಂದು ಹನಿ ಕುಡಿಯದೆ
'ಚೆರ್ರಿಯ ನೆನಪು, ತುಸು ಹೊಗೆ' ಎಂದೆಲ್ಲ ಬರೆಯಬಲ್ಲವನು
ನಮ್ಮ ಬಗ್ಗೆ ಬರೆದದ್ದು ಇಷ್ಟು:
'ಮೆಟ್ರೋದಲ್ಲಿ ಭೇಟಿ. ಆಕೆ ಅಲ್ಲಿನ ಸಿಬ್ಬಂದಿ.
ನನಗೆ ಎಚ್ಚರಿಕೆ ನೀಡಿದರು.'

ಎರಡೂವರೆ ಗೆರೆ ಇನ್ನೂ ಖಾಲಿ ಇದೆ.
ಇರಲಿ ಬಿಡು, ಎನ್ನುತ್ತೇನೆ.
ನಾಳೆ ನನ್ನದು ಮೊದಲ ಪಾಳಿ, ಐದೂವರೆಗೆ ಏಳಬೇಕು.
ದೀಪ ಆರಿಸು.