ಒಂದೇ ಚೀಟಿ

ಬೆಳಿಗ್ಗೆ ಆರಕ್ಕೆ ಎಣಿಸಿದರು ನಮ್ಮನ್ನು,
ಏಳಕ್ಕೆ ಮತ್ತೆ ಎಣಿಸಿದರು.
ರಾತ್ರಿ ಎಣಿಸುವವರು ಬೇರೆ,
ಎಣಿಸುವುದು ತಲೆಗಳನ್ನಲ್ಲ.

ನೈರೋಬಿಯ ಆಗಸ್ಟಿನ ಚಳಿ. ಲಂಗಾಟಾದ ಹೆಂಗಸರ ಜೈಲು.
ಹೊಲಿಗೆಯ ಯಂತ್ರಗಳನ್ನು ಗೋಡೆಗೆ ಒತ್ತಿ
ರಟ್ಟಿನ ಮರೆಯೊಂದನ್ನು ನಿಲ್ಲಿಸಿದ್ದಾರೆ.
ನೆಲದಲ್ಲಿ ಇನ್ನೂ ನಿನ್ನೆಯ ನೂಲು.
ನನ್ನ ಹಿಂದೆ ಚೆಬೆಟ್, ಬೆನ್ನಿಗೆ ಕಟ್ಟಿದ ಕೂಸು.

ಕಾವಲಿನ ಜೆಬಿವೊಟ್ ಮೇಡಂ ನಮಗೆ ಕೇಳಲೆಂದೇ ಅಂದಳು:
"ಕಾನೂನು ಮುರಿದವರಿಂದ ಕಾನೂನು ಕಟ್ಟಿಸೋದು!
ಮಡಕೆ ಒಡೆದವಳ ಕೈಗೇ ತಿಗುರಿ ಕೊಟ್ಟ ಹಾಗೆ."
ನಕ್ಕುಬಿಟ್ಟೆ. ಮಾತು ಚೆನ್ನಾಗಿತ್ತು.

ನಾನು ಒಡೆದದ್ದು ಪೆಟ್ಟಿಗೆ.
ಹದಿನಾಲ್ಕು ಹೆಂಗಸರ ಉಳಿತಾಯದ ತಗಡಿನ ಪೆಟ್ಟಿಗೆ,
ಮೂರು ಬೀಗ, ಮೂರು ಮನೆಯಲ್ಲಿ ಮೂರು ಕೀಲಿಕೈ.
ಒಂದು ನನ್ನದು. ಉಳಿದೆರಡಕ್ಕೆ ಸೋಪಿನಲ್ಲಿ ಅಚ್ಚು ತೆಗೆದೆ.
ಯಾಕೆಂದು ನ್ಯಾಯಾಧೀಶರು ಕೇಳಿದರು, ಹೇಳಿದೆ, ಬರೆದುಕೊಂಡರು.
ಇಲ್ಲಿ ಮತ್ತೆ ಹೇಳುವುದಿಲ್ಲ.

ಮೇಜಿನ ಹುಡುಗ, ಇನ್ನೂ ಮೀಸೆ ಬಲಿಯದವನು,
"ಕಳ್ಳಮತ ಹಾಕಿದರೆ..." ಅಂತ ನಿಯಮ ಓದುತ್ತಿದ್ದ.
ಕುಂಬಳಕಾಯಿಯ ಮಾತೇ ಇರಲಿಲ್ಲ,
ಆದರೂ ನನ್ನ ಕೈ ಹೆಗಲಿಗೆ ಹೋಯಿತು.

ಠಾಣೆಯಲ್ಲಿ ಹತ್ತೂ ಬೆರಳು ಕೇಳಿದ್ದರು.
ಇಲ್ಲಿ ಒಂದನ್ನು ಗಾಜಿನ ಮೇಲಿಟ್ಟೆ. ಯಂತ್ರ ಹೇಳಿತು:
ಸ್ಯೋಂಬುವಾ ಮುಟಿಂಡಾ.
ನಂಬರು ಹೇಳಲಿಲ್ಲ.

"ನಿಮಗೆ ಒಂದೇ ಚೀಟಿ, ಅಧ್ಯಕ್ಷರದ್ದು. ಉಳಿದ ಐದು ಇಲ್ಲ."
ಇಡೀ ದೇಶ ಆಳುವವರನ್ನು ಆರಿಸಬಹುದು ನಾನು,
ನಮ್ಮೂರ ಮರಳುಹೊಳೆಗೆ ಕಾಲುಸೇತುವೆ ಹಾಕಿಸಬೇಕಾದ
ವಾರ್ಡಿನವನನ್ನು ಆರಿಸುವಂತಿಲ್ಲ.
ನನ್ನ ಮಗಳು ದಿನಾ ದಾಟುವುದು ಆ ಹೊಳೆಯನ್ನು,
ದೇಶವನ್ನಲ್ಲ.

ಇದೇ ಹೊತ್ತಿಗೆ ಊರಶಾಲೆಯ ಮುಂದೆ ಕವಿಂದು ನಿಂತಿರುತ್ತಾಳೆ.
ಪೆಟ್ಟಿಗೆಯಲ್ಲಿದ್ದ ಅವಳ ದುಡ್ಡು ಒಂದು ಹಸುವಿನದ್ದು.
ನನ್ನ ಚೀಟಿಗೂ ಅವಳ ಚೀಟಿಗೂ ಒಂದೇ ತೂಕ
ಅಂತ ಯಾರಾದರೂ ಹೇಳಿದರೆ ಉಗಿದಾಳು.
ಉಗಿಯಲಿ. ಅವಳು ತಪ್ಪೆಂದು ಹೇಳಲು ನನಗೆ ಬಾಯಿಲ್ಲ.
ಅವಳಿಗೆ ಆರು, ನನಗೆ ಒಂದು;
ಬಾಕಿ ಐದನ್ನು ಬಡ್ಡಿಗೆ ಹಿಡಿದುಕೊಳ್ಳಲಿ.
ಈ ಒಂದನ್ನು ಮಾತ್ರ, ಕವಿಂದು,
ನಾನು ಕದ್ದದ್ದಲ್ಲ.

ರಟ್ಟಿನ ಹಿಂದೆ ಹೋದೆ.
ನಾಲ್ಕು ವರ್ಷದಲ್ಲಿ ಮೊದಲ ಸಲ
ಯಾರೂ ನನ್ನನ್ನು ನೋಡುತ್ತಿಲ್ಲ.
ಪೆನ್ನು ಹಿಡಿದು ಸುಮ್ಮನೆ ನಿಂತೆ.
ಗುಟ್ಟಾಗಿ ಮಾಡು ಎಂದು
ಸರಕಾರವೇ ಹೇಳಿದ ಕೆಲಸ ಇದೊಂದೇ.
"ಏನು, ಅಲ್ಲೇ ಸಂಸಾರ ಹೂಡಿದೆಯಾ?" ಜೆಬಿವೊಟ್ ಕೂಗಿದಳು.

ಡಬ್ಬಿಗೆ ಬೀಗವಿರಲಿಲ್ಲ. ನಂಬರು ಬರೆದ ಪ್ಲಾಸ್ಟಿಕ್ ಮುದ್ರೆ,
ಹಲ್ಲಿನಲ್ಲೇ ಕಡಿಯಬಹುದು.
ಹಳೆಯ ಕಣ್ಣು ಮೊದಲು ನೋಡಿದ್ದು ಅದನ್ನೇ.
ಆಮೇಲೆ ಹಾಕಿದೆ. ಸೀಳಿನಲ್ಲಿ ಚೀಟಿ ಸಿಕ್ಕಿಕೊಂಡಿತು.
ಶಾಯಿ ಆರದ ಕಿರುಬೆರಳಿನಿಂದ
ಒಳಕ್ಕೆ ತಳ್ಳಿದೆ.